ಬಂಡವಾಳವೂ ಬಳಕೆಯೂ

ಮನೆಗೆ ಬಂದ ನಂಟರಿಷ್ಟರು ಊಟದ ಎಲೆಯ ಮುಂದೆ ಕುಳಿತು, “ನಿಮ್ಮ ಕೈಯ ಚಟ್ನಿಪುಡಿಯ ರುಚಿಯೇ ಬೇರೆ, ನೀವು ಮಾರಾಟಕ್ಕೆ ಇಳಿದರೆ ಅಂಗಡಿಯವರು ಬಾಗಿಲು ಹಾಕಬೇಕಾದೀತು” ಎಂದು ಹೊಗಳದ ಮನೆ ಈ ನಾಡಿನಲ್ಲಿ ವಿರಳ. ಹೊಗಳಿಕೆ ಊಟದ ಮೇಲಿನ ತಾಂಬೂಲವಿದ್ದಂತೆ; ಕೊಟ್ಟವರಿಗೆ ಹೆಚ್ಚಿನ ಖರ್ಚಿಲ್ಲ, ಪಡೆದವರಿಗೆ ಭಾರವಿಲ್ಲ. ಆದರೆ ಆ ಮಾತನ್ನು ಮನಸ್ಸಿಗೆ ಹಚ್ಚಿಕೊಂಡು, ಮಕ್ಕಳ ಓದಿಗೋ, ಯಜಮಾನರ ನಿವೃತ್ತಿಯ ನಂತರದ ದಿನಗಳಿಗೋ ನಾಲ್ಕು ಕಾಸು ಕೂಡೀತೆಂಬ ಆಸೆಯಿಂದ ಗೃಹಿಣಿಯೊಬ್ಬಳು ನಿಜವಾಗಿಯೂ ಉದ್ಯಮಕ್ಕೆ ಕೈಹಾಕಿದಳೆಂದರೆ, ಅಂದಿನಿಂದ ಆಕೆಯ ಮುಂದೆ ಬಂದು ನಿಲ್ಲುವ ಪ್ರಶ್ನೆಗಳಿಗೆ ಹೊಗಳಿದ ನಂಟರಲ್ಲಿ ಒಬ್ಬರೂ ಉತ್ತರ ಹೇಳಲಾರರು.

ಪುಡಿಗೆ ಯಾವ ಬೆಲೆ ಕಟ್ಟಬೇಕು? ಅಂಗಡಿಯವನು ಕೇಳುವ ಕಮಿಷನ್ನು ನ್ಯಾಯವೋ ಅನ್ಯಾಯವೋ? ಪೊಟ್ಟಣದ ಮೇಲೆ ಏನೇನು ಮುದ್ರಿಸಿರಬೇಕು? ಯಾವ ಕಛೇರಿಯಲ್ಲಿ ಹೆಸರು ನೋಂದಾಯಿಸಬೇಕು? ಮೂರು ತಿಂಗಳ ಬಾಕಿ ಉಳಿಸಿಕೊಂಡ ಗಿರಾಕಿ ಪಕ್ಕದ ಬೀದಿಯ ಪರಿಚಯಸ್ಥರೇ ಆಗಿದ್ದರೆ, ಸ್ನೇಹ ಕೆಡದಂತೆ ಹಣ ಕೇಳುವುದು ಹೇಗೆ? ಇವನ್ನು ಯಾರಲ್ಲಿ ಕೇಳಬೇಕೆಂಬುದೇ ತಿಳಿಯದೆ ಎಂಟು-ಹತ್ತು ತಿಂಗಳು ಒದ್ದಾಡಿ, ಕೊನೆಗೊಂದು ದಿನ ದೊಡ್ಡ ಬಾಣಲೆಯೂ ತಕ್ಕಡಿಯೂ ಅಟ್ಟವನ್ನು ಸೇರುತ್ತವೆ. “ನಮ್ಮ ಮನೆಯ ಹೆಂಗಸರಿಗೆ ವ್ಯಾಪಾರ ಕೈಹತ್ತುವುದಿಲ್ಲ” ಎಂಬ ತೀರ್ಪು ಹೊರಬೀಳುತ್ತದೆ. ಇದರಲ್ಲಿ ದುಃಖದ ಸಂಗತಿಯೆಂದರೆ, ಆ ತೀರ್ಪನ್ನು ಎಲ್ಲರಿಗಿಂತ ಮೊದಲು ನಂಬುವವಳು ಆಕೆಯೇ. ಆಕೆಯಲ್ಲಿ ಕೌಶಲವಿರಲಿಲ್ಲವೇ? ಇತ್ತು. ಹಣವಿರಲಿಲ್ಲವೇ? ಆರಂಭಕ್ಕೆ ಸಾಲುವಷ್ಟು ಇತ್ತು. ಇಲ್ಲದಿದ್ದುದು ಬಳಕೆ.

ಕನ್ನಡದಲ್ಲಿ ಬಳಕೆ ಎಂಬ ಮಾತಿಗೆ ಎರಡು ಅರ್ಥಗಳುಂಟು. ಉಪಯೋಗವೆಂಬುದು ಒಂದು, “ಆ ಮನೆಯವರಿಗೂ ನಮಗೂ ಬಳಕೆಯುಂಟು” ಎನ್ನುವಾಗಿನ ಹೋಗಿಬರುವ ಪರಿಚಯವೆಂಬುದು ಇನ್ನೊಂದು. ಇಂದಿನ ವಾಣಿಜ್ಯಶಾಲೆಗಳಲ್ಲಿ ನೆಟ್‌ವರ್ಕಿಂಗ್ ಎಂಬ ಭಾರಿ ಹೆಸರಿನಿಂದ ಕರೆಯುವುದು ಈ ಎರಡನೆಯದನ್ನೇ. ಎರಡು ಅರ್ಥಗಳೂ ಒಂದೇ ಮಾತಿನಲ್ಲಿ ಕೂಡಿಕೊಂಡಿರುವುದು ಆಕಸ್ಮಿಕವೇ ಇರಬಹುದು. ಆದರೂ ಉದ್ಯಮಕ್ಕೆ ಇಳಿದ ಹೆಣ್ಣಿಗೆ ಪರಿಚಯದಷ್ಟು ಉಪಯೋಗದ ವಸ್ತು ಮತ್ತೊಂದಿಲ್ಲ.

ಜಗಲಿಯ ವಿದ್ಯೆ

ಗಂಡಸು ವ್ಯಾಪಾರವನ್ನು ಎಲ್ಲಿ ಕಲಿತನೆಂದು ವಿಚಾರಿಸಿ ನೋಡಿದರೆ ಸ್ವಾರಸ್ಯವಾದ ಸಂಗತಿ ಹೊರಬೀಳುತ್ತದೆ. ಪದವಿ ಪಡೆದು ಕಲಿತವರು ಕೆಲವರು ಮಾತ್ರ. ಉಳಿದವರು ಕಲಿತದ್ದು ತಂದೆಯ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ, ಮಂಡಿಯ ಗದ್ದಲದಲ್ಲಿ, ಕಾಫಿ ಹೋಟೆಲಿನ ಮೇಜಿನ ಸುತ್ತ. ಶೆಟ್ಟರ ಹುಡುಗ ಹತ್ತನೆಯ ವಯಸ್ಸಿಗೇ ಅಂಗಡಿಯ ಮೂಲೆಯಲ್ಲಿ ಕುಳಿತು, ತಂದೆ ಯಾರಿಗೆ ಸಾಲ ಕೊಟ್ಟರು, ಯಾರಿಗೆ ನಗುನಗುತ್ತಲೇ ಇಲ್ಲವೆಂದರು ಎಂಬುದನ್ನು ಗಮನಿಸುತ್ತಿದ್ದ. ಯಾರೂ ಪಾಠ ಹೇಳಿದಂತಿಲ್ಲ. ಆದರೂ ಪಾಠ ನಡೆಯುತ್ತಲೇ ಇತ್ತು. ಯಾವ ಬೆಳೆ ಕೈಕೊಟ್ಟಿತು, ಯಾವ ಲಾರಿಯವನು ನಂಬಿಗಸ್ತ, ಯಾವ ಬ್ಯಾಂಕಿನ ಮ್ಯಾನೇಜರು ಕೇಳಿದ್ದಕ್ಕೆ ಸಮಾಧಾನವಾಗಿ ಉತ್ತರ ಹೇಳುತ್ತಾರೆ ಎಂಬುವೆಲ್ಲ ಅಂಗಡಿಯ ಜಗಲಿಯ ಮೇಲಿನ ಹರಟೆಯಲ್ಲೇ ತಿಳಿದುಹೋಗುತ್ತಿದ್ದವು.

ಹೆಣ್ಣಿಗೆ ಈ ಜಗಲಿ ಇರಲಿಲ್ಲ. ಬಾವಿಕಟ್ಟೆಯಿತ್ತು, ದೇವಸ್ಥಾನದ ಪ್ರಾಕಾರವಿತ್ತು, ಅರಿಸಿನಕುಂಕುಮದ ಸಂಜೆಯಿತ್ತು. ಅಲ್ಲಿಯೂ ವಿದ್ಯೆ ಹರಿದಾಡುತ್ತಿತ್ತೆಂಬುದು ನಿಜ. ಸಂಡಿಗೆಯ ಹದ, ಹಸುಗೂಸಿನ ಹೊಟ್ಟೆನೋವಿನ ಮದ್ದು, ಕುಪ್ಪಸದ ಕತ್ತರಿಕೆ ಇವೆಲ್ಲ ಅಲ್ಲಿ ಕೈಯಿಂದ ಕೈಗೆ ಸಾಗಿದವು. ಕಲಿಯುವ ರೀತಿ ಹೆಣ್ಣಿಗೆ ಹೊಸದಲ್ಲ. ನೋಡಿ, ಕೇಳಿ, ಮಾಡಿ, ಕೆಡಿಸಿ, ಮತ್ತೆ ಮಾಡಿ ಕಲಿಯುವುದನ್ನು ಆಕೆ ಹುಟ್ಟಿನಿಂದ ಬಲ್ಲಳು. ಆದರೆ ಆ ಮಾತುಕತೆಯಲ್ಲಿ ಹಣದ ವಿಷಯ ಮಾತ್ರ ಬರುತ್ತಿರಲಿಲ್ಲ. ತಾನು ಎಷ್ಟಕ್ಕೆ ಕೊಂಡೆ, ಎಷ್ಟಕ್ಕೆ ಮಾರಿದೆ, ಎಷ್ಟು ನಷ್ಟವಾಯಿತು ಎಂದು ನಾಲ್ಕು ಜನ ಹೆಂಗಸರ ಮುಂದೆ ಹೇಳಿಕೊಳ್ಳುವುದು ಮರ್ಯಾದೆಗೆ ಕುಂದೆಂಬ ಭಾವನೆ ಮಧ್ಯಮವರ್ಗದ ಮನೆಗಳಲ್ಲಿ ಇಂದಿಗೂ ಪೂರ್ತಿಯಾಗಿ ಅಳಿದಿಲ್ಲ.

ಈ ಸಂಕೋಚದ ಬೆಲೆ ಎಷ್ಟೆಂಬುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ಒಂದು ಕಿಲೋ ಪುಡಿಗೆ ಬೇಳೆ, ಕೊಬ್ಬರಿ, ಮೆಣಸಿನಕಾಯಿ, ಎಣ್ಣೆ ಎಲ್ಲ ಸೇರಿ ೨೦೦ ರೂಪಾಯಿ ತಗಲಿತೆನ್ನೋಣ. ೩೦೦ ರೂಪಾಯಿಗೆ ಮಾರಿ, ೧೦೦ ರೂಪಾಯಿ ಲಾಭವಾಯಿತೆಂದು ಹಿಗ್ಗುವವರೇ ಹೆಚ್ಚು. ಆದರೆ ಪೊಟ್ಟಣಕ್ಕೂ ಚೀಟಿಗೂ ೧೨ ರೂಪಾಯಿ, ಅಂಗಡಿಗೆ ಮುಟ್ಟಿಸಿದ ಆಟೋ ಖರ್ಚಿನ ಪಾಲು ೧೫ ರೂಪಾಯಿ, ಅಂಗಡಿಯವನಿಗೆ ನೂರಕ್ಕೆ ಇಪ್ಪತ್ತರಂತೆ ೬೦ ರೂಪಾಯಿ ಕಳೆದರೆ ಉಳಿಯುವುದು ೧೩ ರೂಪಾಯಿ. ಹುರಿಯಲು ಉರಿದ ಗ್ಯಾಸನ್ನು ಲೆಕ್ಕಕ್ಕೆ ಹಿಡಿದರೆ ಅದರಲ್ಲೂ ಒಂದಷ್ಟು ಹೋಯಿತು. ಬೆಳಗಿನಿಂದ ಒಲೆಯ ಮುಂದೆ ನಿಂತ ಆಕೆಯ ದುಡಿಮೆಗೆ ಕಟ್ಟಿದ ಬೆಲೆ ಹೆಚ್ಚು ಕಡಿಮೆ ಸೊನ್ನೆ. ಈ ಲೆಕ್ಕದಲ್ಲಿ ಕಠಿಣವಾದ ಗಣಿತವೇನೂ ಇಲ್ಲ. ಮಾಧ್ಯಮಿಕ ಶಾಲೆಯ ಬಾಲಿಕೆಯೂ ಮಾಡಬಲ್ಲಳು. ಆದರೆ ಇದನ್ನು ಹೀಗೆ ಹಿಡಿಯಬೇಕೆಂದು ಹೇಳುವವರು ಬೇಕಲ್ಲವೇ? ಅದೇ ಕೆಲಸದಲ್ಲಿ ಒಮ್ಮೆ ಕೈಸುಟ್ಟುಕೊಂಡ ಇನ್ನೊಬ್ಬ ಹೆಣ್ಣುಮಗಳು ಕಾಲುಗಂಟೆಯಲ್ಲಿ ಹೇಳಿಕೊಡುವುದನ್ನು ಒಂಟಿಯಾಗಿ ಕಲಿಯಲು ಒಂದು ವರ್ಷವೂ, ಕೂಡಿಟ್ಟ ಹಣವೂ ಹೋಗುತ್ತವೆ.

ತಾನೇ ಓದಿದವರು

ತಾನೇ ಕಲಿಯುವ ಹೆಣ್ಣು ನಮ್ಮ ನಾಡಿಗೆ ಹೊಸಬಳಲ್ಲ. ೧೮೮೭ರಲ್ಲಿ ಜನಿಸಿದ ನಂಜನಗೂಡು ತಿರುಮಲಾಂಬನವರು ಬಾಲ್ಯದಲ್ಲೇ ವಿಧವೆಯಾದವರು. ಮನೆಯೊಳಗೇ ಓದಿ, ಬರೆಯುವುದನ್ನು ಕಲಿತು, ೧೯೧೩ರಲ್ಲಿ ‘ಸತಿ ಹಿತೈಷಿಣಿ’ ಎಂಬ ಗ್ರಂಥಮಾಲೆಯನ್ನು ಆರಂಭಿಸಿದರು. ಅಂದಿನ ಕಾಲಕ್ಕೆ ಹೆಣ್ಣು ಬರೆಯುವುದೇ ಸಾಹಸ. ಬರೆದುದನ್ನು ತಾನೇ ಪ್ರಕಟಿಸಿ ಓದುಗರಿಗೆ ಮುಟ್ಟಿಸುವುದು ಸಾಹಸದ ಮೇಲೊಂದು ಸಾಹಸ. ಕಾಗದ, ಅಚ್ಚು, ಅಂಚೆ ಇವುಗಳ ವ್ಯವಹಾರವನ್ನೆಲ್ಲ ಕಲಿಸಲು ಅವರಿಗಾಗಿ ಯಾವ ಶಾಲೆಯೂ ತೆರೆದಿರಲಿಲ್ಲ.

ಅದೇ ೧೯೧೩ರಲ್ಲಿ ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮನವರು ಶಾರದಾ ಸ್ತ್ರೀ ಸಮಾಜವನ್ನು ಸ್ಥಾಪಿಸಿದರು. ಮುಂದೆ ‘ಸರಸ್ವತಿ’ ಎಂಬ ಮಾಸಪತ್ರಿಕೆಯನ್ನು ತೆರೆದು ದಶಕಗಳ ಕಾಲ ನಡೆಸಿದರು. ಇವರೂ ಬಾಲ್ಯದಲ್ಲೇ ವೈಧವ್ಯದ ಕಷ್ಟವನ್ನು ಕಂಡವರೇ. ಒಬ್ಬರು ಗ್ರಂಥಮಾಲೆಯಿಂದಲೂ, ಒಬ್ಬರು ಸಮಾಜದಿಂದಲೂ ಹೊರಟರು. ಇಬ್ಬರೂ ಕಂಡುಕೊಂಡ ಸತ್ಯ ಒಂದೇ: ಮನೆಮನೆಗಳಲ್ಲಿ ಒಂಟಿಯಾಗಿ ಓದುತ್ತಿರುವ ಹೆಂಗಸರಿಗೆ ತಾವು ಒಂಟಿಯಲ್ಲವೆಂದು ತಿಳಿಯಬೇಕು. ಓದಿಗೆ ಒಪ್ಪುವ ಈ ಮಾತು ಉದ್ಯಮಕ್ಕೂ ಒಪ್ಪುತ್ತದೆ.

ಏಳು ಮಂದಿ, ಎಂಬತ್ತು ರೂಪಾಯಿ

ಉದ್ಯಮದಲ್ಲಿ ಇದರ ಬಲವನ್ನು ತೋರಿಸಿದ ಕಥೆ ಮುಂಬಯಿಯದು. ೧೯೫೯ರ ಮಾರ್ಚ್ ೧೫ರಂದು ಗಿರ್‌ಗಾಂವ್ ಬಡಾವಣೆಯ ಒಂದು ಹಳೆಯ ಕಟ್ಟಡದ ತಾರಸಿಯ ಮೇಲೆ ಏಳು ಮಂದಿ ಗುಜರಾತಿ ಗೃಹಿಣಿಯರು ಕುಳಿತು ನಾಲ್ಕು ಕಟ್ಟು ಹಪ್ಪಳ ಲಟ್ಟಿಸಿದರು. ಬಂಡವಾಳ ೮೦ ರೂಪಾಯಿ. ಅದೂ ಸಮಾಜಸೇವಕರಾದ ಛಗನ್‌ಲಾಲ್ ಕರಮ್ಸಿ ಪಾರೇಖರಿಂದ ಪಡೆದ ಸಾಲ. ಏಳು ಮಂದಿಗೂ ಹೆಚ್ಚಿನ ಓದಿರಲಿಲ್ಲ; ಬರುತ್ತಿದ್ದ ವಿದ್ಯೆ ಅಡಿಗೆಮನೆಯದು. ಇಂದು ಮನೆಮನೆಗಳಲ್ಲಿ ಹೆಸರು ಕೇಳಿರುವ ಲಿಜ್ಜತ್ ಹಪ್ಪಳ ಹುಟ್ಟಿದ್ದು ಹೀಗೆ.

ಲಿಜ್ಜತ್ತಿನ ಈಗಿನ ವೈಭವವನ್ನು ಹೊಗಳುವವರು ಬಹಳ. ಆದರೆ ಉದ್ಯಮಕ್ಕಿಳಿಯುವ ಹೆಣ್ಣು ನೋಡಬೇಕಾದದ್ದು ಅದರ ಮೊದಲ ಎರಡು-ಮೂರು ವರ್ಷಗಳನ್ನು. ಆರಂಭದಲ್ಲಿ ಅವರು ಎರಡು ದರ್ಜೆಯ ಹಪ್ಪಳ ಮಾಡುತ್ತಿದ್ದರು, ಕೆಳದರ್ಜೆಯದನ್ನು ಅಗ್ಗಕ್ಕೆ ಮಾರಬಹುದೆಂದು. ಎಂಥವರಿಗಾದರೂ ಹೊಳೆಯುವ ಉಪಾಯವೇ ಅದು. ಪಾರೇಖರು ಅದು ಬೇಡವೆಂದರು. ಒಂದೇ ದರ್ಜೆ ಇರಲಿ, ಅದು ಎಂದಿಗೂ ಇಳಿಯದಿರಲಿ, ಲೆಕ್ಕ ಸರಿಯಾಗಿ ಬರೆದಿಡಿ ಎಂದು ಬುದ್ಧಿ ಹೇಳಿದರು. ಮೊದಲ ವರ್ಷದ ಮಳೆಗಾಲ ಬಂತು. ಹಪ್ಪಳಕ್ಕೆ ಬಿಸಿಲಿಲ್ಲ, ನಾಲ್ಕು ತಿಂಗಳು ಕೆಲಸ ನಿಂತಿತು. ಮರುವರ್ಷ ಅವರೇ ಒಂದು ಉಪಾಯ ಕಂಡುಹಿಡಿದರು: ಒಂದು ಮಂಚ, ಒಂದು ಸ್ಟೌ ಕೊಂಡರು, ಮಂಚದ ಮೇಲೆ ಹಪ್ಪಳ ಹರಡಿ, ಕೆಳಗೆ ಸ್ಟೌ ಹಚ್ಚಿದರು. ಮಳೆ ಹೊರಗೆ ಸುರಿಯುತ್ತಿದ್ದರೂ ಹಪ್ಪಳ ಒಳಗೆ ಒಣಗಿತು. ಯಾವ ಪಠ್ಯಪುಸ್ತಕದಲ್ಲೂ ಇರದ ಈ ಪಾಠವನ್ನು ಏಳು ತಲೆಗಳು ಕೂಡಿ ಕಲಿತವು.

ಮೊದಲ ವರ್ಷದ ಒಟ್ಟು ಮಾರಾಟ ೬,೧೯೬ ರೂಪಾಯಿ. ಮುರಿದ ಹಪ್ಪಳವನ್ನು ನೆರೆಹೊರೆಯವರಿಗೆ ಹಂಚುತ್ತಿದ್ದರು. ಬಾಯಿಂದ ಬಾಯಿಗೆ ಸುದ್ದಿ ಹರಡಿ, ಕೆಲಸ ಕೇಳಿಕೊಂಡು ಹೆಂಗಸರು ಬಂದರು. ಮೂರನೆಯ ವರ್ಷದ ಕೊನೆಗೆ ಸದಸ್ಯೆಯರ ಸಂಖ್ಯೆ ೩೦೦ ದಾಟಿತು. ತಾರಸಿಯಲ್ಲಿ ಎಡೆಯಿಲ್ಲದಾದಾಗ, ಕಲಸಿದ ಹಿಟ್ಟನ್ನು ಮನೆಗೆ ಕೊಂಡೊಯ್ದು ಲಟ್ಟಿಸಿ ತರುವ ಕ್ರಮ ಬಂತು. ಬೆಳಿಗ್ಗೆ ಹಿಟ್ಟು ಪಡೆಯುವುದು, ಹಪ್ಪಳ ಒಪ್ಪಿಸುವುದು, ಪರೀಕ್ಷೆಯಾದ ಮೇಲೆ ಕೂಲಿ ಪಡೆಯುವುದು. ಮಕ್ಕಳನ್ನೂ ಅತ್ತೆಮಾವಂದಿರನ್ನೂ ಬಿಟ್ಟು ಹೊರಗೆ ದುಡಿಯಲಾರದ ಸಾವಿರಾರು ಸ್ತ್ರೀಯರಿಗೆ ಈ ಒಂದು ಏರ್ಪಾಡು ಬಾಗಿಲು ತೆರೆಯಿತು.

ನಷ್ಟವಾದರೂ ಯಾರ ಮುಂದೆಯೂ ದಾನಕ್ಕೆ ಕೈಯೊಡ್ಡಬಾರದೆಂದೂ, ಲಾಭವಾಗಲಿ ನಷ್ಟವಾಗಲಿ ಎಲ್ಲರೂ ಹಂಚಿಕೊಳ್ಳಬೇಕೆಂದೂ ಅವರು ನಿಯಮ ಮಾಡಿಕೊಂಡಿದ್ದರು. ಒಬ್ಬರನ್ನೊಬ್ಬರು ಕರೆಯುತ್ತಿದ್ದುದು ‘ಬೆಹೆನ್’ ಎಂದು, ಅಂದರೆ ಅಕ್ಕತಂಗಿ. ೧೯೬೬ರಲ್ಲಿ ಸಂಸ್ಥೆ ಕ್ರಮಬದ್ಧವಾಗಿ ನೋಂದಣಿಯಾಯಿತು. ಅದೇ ವರ್ಷ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಮನ್ನಣೆ ದೊರೆಯಿತು. ಆ ಏಳು ಮಂದಿಯಲ್ಲಿ ಒಬ್ಬರಾದ ಜಸ್ವಂತಿಬೆನ್ ಜಮ್ನಾದಾಸ್ ಪೋಪಟರಿಗೆ ೨೦೨೧ರಲ್ಲಿ ಪದ್ಮಶ್ರೀ ಸಂದಿತು. ಅಷ್ಟು ಹೊತ್ತಿಗೆ ಅವರ ಅಕ್ಕತಂಗಿಯರ ಸಂಖ್ಯೆ ನಲವತ್ತು ಸಾವಿರವನ್ನು ಮೀರಿತ್ತು. ಏಳು ಮಂದಿಯೂ ಏಳು ಮನೆಗಳಲ್ಲಿ ಬೇರೆಬೇರೆಯಾಗಿ ಹಪ್ಪಳ ಮಾಡಿದ್ದರೆ ಏನಾಗುತ್ತಿತ್ತು? ಮೊದಲ ಮಳೆಗಾಲದಲ್ಲೇ ಏಳು ಲಟ್ಟಣಿಗೆಗಳೂ ಮೂಲೆ ಸೇರುತ್ತಿದ್ದವೆಂದು ಊಹಿಸುವುದು ಕಷ್ಟವಲ್ಲ.

ಒಂದು ರಾತ್ರಿಯ ಅಕ್ಷರಾಭ್ಯಾಸ

ಕಲಿಕೆಯ ಹಂಬಲ ಕೂಟದಲ್ಲಿ ಹೇಗೆ ಹೊತ್ತಿಕೊಳ್ಳುತ್ತದೆಂಬುದಕ್ಕೆ ಅಹಮದಾಬಾದಿನ ನಿದರ್ಶನವೂ ಒಂದುಂಟು. ತರಕಾರಿ ಮಾರುವವರು, ಹಳೆಯ ಬಟ್ಟೆಯ ವ್ಯಾಪಾರದವರು, ತಲೆಯ ಮೇಲೆ ಮೂಟೆ ಹೊರುವವರು ಇಂಥ ಸ್ತ್ರೀಯರನ್ನು ಕೂಡಿಸಿ ಇಳಾ ಭಟ್ಟರು ೧೯೭೨ರಲ್ಲಿ ‘ಸೇವಾ’ ಸಂಘವನ್ನು ಕಟ್ಟಿದರು. ಬ್ಯಾಂಕುಗಳು ಇವರನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಹಾಗಾದರೆ ನಮ್ಮದೇ ಒಂದು ಬ್ಯಾಂಕು ಬೇಡವೇ ಎಂಬ ಮಾತು ಆ ಹೆಂಗಸರಿಂದಲೇ ಬಂತು. ೧೯೭೪ರಲ್ಲಿ ನಾಲ್ಕು ಸಾವಿರ ಮಂದಿ ತಲೆಗೆ ಹತ್ತು ರೂಪಾಯಿಯಂತೆ ಹಾಕಿ ಸಹಕಾರಿ ಬ್ಯಾಂಕನ್ನು ಸ್ಥಾಪಿಸಿದರು. ನೋಂದಣಿಯ ಕಾಗದಕ್ಕೆ ರುಜು ಹಾಕಬೇಕು; ಹಾಕಬೇಕಾದವರಿಗೆ ಅಕ್ಷರ ಬಾರದು. ಅವರು ರಾತ್ರಿಯೆಲ್ಲ ಕುಳಿತು ತಮ್ಮ ಹೆಸರು ಬರೆಯುವುದನ್ನು ಅಭ್ಯಾಸಮಾಡಿ ರುಜು ಹಾಕಿದರೆಂದು ಇಳಾ ಭಟ್ಟರು ನೆನೆಯುತ್ತಿದ್ದರು. ವರ್ಷಗಟ್ಟಲೆ ಬಾರದಿದ್ದ ಅಕ್ಷರ ಒಂದು ರಾತ್ರಿಯಲ್ಲಿ ಬಂದದ್ದೇಕೆ? ಪಕ್ಕದಲ್ಲಿ ಕುಳಿತವಳೂ ಅದನ್ನೇ ಬರೆಯುತ್ತಿದ್ದಳು. ಬರೆದ ಅಕ್ಷರಕ್ಕೆ ಮರುದಿನವೇ ಕೆಲಸವಿತ್ತು.

ಕರ್ನಾಟಕದಲ್ಲಿಯೂ ಈ ಮಾರ್ಗದಲ್ಲಿ ನಡೆದ ಯತ್ನಗಳು ಕಡಿಮೆಯೇನಲ್ಲ. ೧೯೮೨ರಲ್ಲಿ ಧರ್ಮಸ್ಥಳದ ಶಿಕ್ಷಣ ಸಂಸ್ಥೆಯೂ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳೂ ಕೂಡಿ ಉಜಿರೆಯಲ್ಲಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆ, ಊಟವಸತಿಯೊಡನೆ ಉಚಿತವಾಗಿ ಸ್ವಂತ ಉದ್ಯೋಗದ ತರಬೇತಿ ಕೊಡುವ ಮಾದರಿಯೊಂದನ್ನು ತೋರಿಸಿತು. ೧೯೮೩ರಲ್ಲಿ ಬೆಂಗಳೂರಿನ ಕೆಲವು ಮಹಿಳಾ ಉದ್ಯಮಿಗಳೇ ಕೂಡಿ ‘ಅವೇಕ್’ ಎಂಬ ಸಂಘವನ್ನು ಕಟ್ಟಿದರು. ಮೊದಲೇ ದಾರಿ ನಡೆದವರು ಹೊಸಬರಿಗೆ ದಾರಿ ಹೇಳುವುದು ಅದರ ತಿರುಳು. ಹಳ್ಳಿಗಳಲ್ಲಿ ಸ್ವಸಹಾಯ ಗುಂಪುಗಳು ಬಂದವು. ೧೯೯೨ರಲ್ಲಿ ನಬಾರ್ಡು ಅವನ್ನು ಬ್ಯಾಂಕುಗಳೊಡನೆ ಜೋಡಿಸುವ ಯೋಜನೆಯನ್ನು ಆರಂಭಿಸಿತು. ಈ ಶತಮಾನದ ಆರಂಭದಲ್ಲಿ ಕರ್ನಾಟಕ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂತು. ಹೀಗಾಗಿ ಹಳ್ಳಿಯ ಹೆಣ್ಣುಮಗಳು ವಾರಕ್ಕೊಮ್ಮೆ ಹತ್ತು-ಹದಿನೈದು ಮಂದಿಯ ನಡುವೆ ಕುಳಿತು ತನ್ನ ಸಾಲದ ಲೆಕ್ಕವನ್ನು ಬಾಯಿಬಿಟ್ಟು ಹೇಳುವುದನ್ನು ಕಲಿತಳು. ಪಟ್ಟಣದ ಪದವೀಧರೆಗೆ ಈ ಭಾಗ್ಯ ಇನ್ನೂ ಎಲ್ಲೆಡೆಯೂ ಒದಗಿಲ್ಲ. ಆಕೆಗೆ ಓದು ಬರುತ್ತದೆ, ಹೇಳಿಕೊಳ್ಳುವ ಧೈರ್ಯ ಬರುವುದಿಲ್ಲ.

ಗುಟ್ಟು ಯಾವುದು?

“ಎಲ್ಲವನ್ನೂ ಹೇಳಿಬಿಟ್ಟರೆ ನಮ್ಮ ವ್ಯಾಪಾರವನ್ನು ಇನ್ನೊಬ್ಬರು ಕಸಿದುಕೊಳ್ಳುವುದಿಲ್ಲವೇ?” ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದದ್ದೇ. ಪುಡಿಯ ಹದ, ಮಸಾಲೆಯ ಪ್ರಮಾಣ, ಸೀರೆಯ ಮೇಲಿನ ಕಸೂತಿಯ ಹೊಸ ಮಾದರಿ ಇವು ತನ್ನ ತನ್ನ ಸೊತ್ತು, ಗುಟ್ಟಾಗಿರಲಿ. ಆದರೆ ಒಳ್ಳೆಯ ಡಬ್ಬಿ ಸಗಟು ಬೆಲೆಗೆ ಎಲ್ಲಿ ಸಿಗುತ್ತದೆ, ಆಹಾರ ಸುರಕ್ಷತಾ ನೋಂದಣಿಗೆ ಯಾವ ಕಾಗದ ಬೇಕು, ಪೊಟ್ಟಣದ ಮೇಲೆ ತೂಕವನ್ನೂ ತಯಾರಾದ ದಿನವನ್ನೂ ಹೇಗೆ ನಮೂದಿಸಬೇಕು, ಯಾವ ಗಿರಾಕಿಗೆ ಸಾಲ ಕೊಟ್ಟರೆ ಮರಳಿ ಬಾರದು ಎಂಬುವು ಗುಟ್ಟಿನ ವಸ್ತುಗಳಲ್ಲ. ಇವನ್ನು ಬಚ್ಚಿಟ್ಟರೆ ಬಚ್ಚಿಟ್ಟವಳಿಗೂ ಲಾಭವಿಲ್ಲ. ಹೇಳಿದರೆ ನಾಳೆ ಆಕೆಗೆ ತಿಳಿಯದ ಇನ್ನೊಂದು ಸಂಗತಿ ತಾನಾಗಿ ಬಾಗಿಲಿಗೆ ಬರುತ್ತದೆ.

ಇನ್ನು ಕೆಲವರು ಪರಿಚಯವೆಂದರೆ ಕೈಫೋನಿನಲ್ಲಿ ತುಂಬಿಟ್ಟ ಹೆಸರುಗಳ ಪಟ್ಟಿಯೆಂದು ತಿಳಿದಿದ್ದಾರೆ. ಇನ್ನೂರು ಮಂದಿಯ ಗುಂಪಿಗೆ ಸೇರಿ, ದಿನವೂ ಶುಭೋದಯದ ಹೂವಿನ ಚಿತ್ರಗಳನ್ನು ಪಡೆದರೆ ಉದ್ಯಮ ಬೆಳೆಯದು. ಉಚಿತ ತರಬೇತಿಗಳಿಗೆ ಒಂದಾದ ಮೇಲೊಂದರಂತೆ ಹೋಗಿ ಪ್ರಶಸ್ತಿಪತ್ರಗಳಿಗೆ ಕಟ್ಟು ಹಾಕಿಸುವುದೂ ಕಲಿಕೆಯಲ್ಲ. ಐದಾರು ಮಂದಿ ಸಾಕು. ಎಲ್ಲರೂ ಒಂದೇ ಕಸುಬಿನವರಾಗಬೇಕಿಲ್ಲ. ಒಬ್ಬಳು ಹೊಲಿಗೆಯವಳು, ಒಬ್ಬಳು ತಿಂಡಿಯವಳು, ಒಬ್ಬಳು ಮನೆಪಾಠದವಳು ಆದರೆ ಪೈಪೋಟಿಯ ಭಯವೂ ತಪ್ಪಿತು. ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಕೂಡಲಿ. ಒಂದೊಂದು ಸಲ ಒಬ್ಬಳು ತನ್ನ ಲೆಕ್ಕದ ಪುಸ್ತಕವನ್ನು ತೆರೆದು ಓದಲಿ, ಲಾಭವಿದ್ದರೂ ಸರಿಯೆ, ನಷ್ಟವಿದ್ದರೂ ಸರಿಯೆ. ಉಳಿದವರು ಮೊದಲು ಕೇಳಲಿ, ಆಮೇಲೆ ಹೇಳಲಿ. “ನನ್ನ ವ್ಯಾಪಾರ ಹೇಗಿದೆ?” ಎಂದು ಕೇಳಿದರೆ ಸಿಗುವುದು ಹೊಗಳಿಕೆ ಮಾತ್ರ, “ಅಂಗಡಿಯವನಿಗೆ ನೂರಕ್ಕೆ ಇಪ್ಪತ್ತು ಕೊಡುತ್ತಿದ್ದೇನೆ, ನೀವು ಎಷ್ಟು ಕೊಡುತ್ತೀರಿ?” ಎಂದು ಕೇಳಿದರೆ ಉತ್ತರ ಸಿಗುತ್ತದೆ. ಸಿಕ್ಕಿದ ಉತ್ತರವನ್ನು ಅಂದೇ ಬರೆದಿಡಲಿ. ಮುಂದಿನ ತಿಂಗಳೊಳಗೆ ಮಾಡಿ ನೋಡಲಿ. ಮಾಡಿದ್ದು ಏನಾಯಿತೆಂದು ಬಂದು ತಿಳಿಸಲಿ. ಸ್ವಂತವಾಗಿ ಕಲಿಯುವುದೆಂದರೆ ಯಾರನ್ನೂ ಕೇಳದೆ ಕಲಿಯುವುದೆಂದಲ್ಲ. ಏನನ್ನು ಕಲಿಯಬೇಕೆಂದು ತಾನೇ ನಿಶ್ಚಯಿಸಿ, ತಿಳಿದವರನ್ನು ತಾನೇ ಹುಡುಕಿಕೊಂಡು ಹೋಗುವುದು.

ಮನೆಯ ಗಂಡಸರಿಗೂ ಇಲ್ಲಿ ಒಂದು ಕರ್ತವ್ಯವಿದೆ. ಲೆಕ್ಕವನ್ನು ತಾವೇ ಬರೆದುಕೊಟ್ಟು, ಬ್ಯಾಂಕಿಗೆ ತಾವೇ ಹೋಗಿಬಂದು ಸಹಾಯಮಾಡಿದೆವೆಂದು ಭಾವಿಸುವ ಯಜಮಾನರು ಒಳ್ಳೆಯವರೇ; ಆದರೆ ಆ ಸಹಾಯದಿಂದ ಹೆಂಡತಿಗೆ ಬ್ಯಾಂಕಿನ ಮೆಟ್ಟಿಲು ಎಂದೆಂದಿಗೂ ಹೊಸದಾಗಿಯೇ ಉಳಿಯುತ್ತದೆ. ಕಾಲ ಎಲ್ಲರಿಗೂ ಒಂದೇ ರೀತಿ ಇರುವುದಿಲ್ಲ. ಯಜಮಾನರ ಆರೋಗ್ಯ ಕೆಟ್ಟ ದಿನ, ಅಥವಾ ಅವರೇ ಇಲ್ಲವಾದ ದಿನ, ತನ್ನದೇ ಉದ್ಯಮದ ಖಾತೆಯಲ್ಲಿ ಎಷ್ಟು ಹಣವಿದೆ, ಯಾರು ಎಷ್ಟು ಕೊಡಬೇಕು ಎಂದು ತಿಳಿಯದೆ ಕಂಗಾಲಾಗುವ ಹೆಣ್ಣಿನ ಸ್ಥಿತಿ ಯಾರಿಗೂ ಬೇಡ. ಖಾತೆ ಆಕೆಯ ಹೆಸರಿನಲ್ಲಿರಲಿ, ರುಜು ಆಕೆಯದಾಗಲಿ, ತಪ್ಪು ಮಾಡಿ ತಿದ್ದಿಕೊಳ್ಳುವ ಅವಕಾಶವೂ ಆಕೆಗಿರಲಿ. ತಿಂಗಳಿಗೊಂದು ಸಂಜೆ ಮಕ್ಕಳ ಊಟವನ್ನು ಯಜಮಾನರು ನೋಡಿಕೊಂಡರೆ, ಆಕೆ ನಿಶ್ಚಿಂತೆಯಿಂದ ಆ ಐದಾರು ಮಂದಿಯ ಕೂಟಕ್ಕೆ ಹೋಗಿಬಂದಾಳು.

ಹಪ್ಪಳ ಲಟ್ಟಿಸುವ ಕೈ ಈ ನಾಡಿನಲ್ಲಿ ಲಕ್ಷಾಂತರವಿದೆ. ಎಂಬತ್ತು ರೂಪಾಯಿಯ ಸಾಲವೂ ಇಂದು ಹುಟ್ಟದ್ದಲ್ಲ. ಏಳು ಮಂದಿ ಒಂದು ತಾರಸಿಯ ಮೇಲೆ ಕುಳಿತು, ಹಣದ ಮಾತನ್ನು ನಾಚದೆ ಆಡುವುದು ಮಾತ್ರ ಇನ್ನೂ ಅಪರೂಪ. ಈ ಬರಹವನ್ನು ಓದುತ್ತಿರುವ ಸೋದರಿಯರಲ್ಲಿ ಯಾರ ಅಟ್ಟದ ಮೇಲಾದರೂ ತಕ್ಕಡಿಯೊಂದು ಧೂಳು ಹಿಡಿದು ಕುಳಿತಿದ್ದರೆ, ಅದನ್ನು ಕೆಳಗಿಳಿಸುವ ಮುನ್ನ ಬೀದಿಯ ಇನ್ನೊಂದು ಮನೆಯ ಅಟ್ಟದ ಮೇಲೂ ಅಂಥದೇ ಒಂದು ತಕ್ಕಡಿ ಇದೆಯೇ ಎಂದು ವಿಚಾರಿಸಿಕೊಂಡು ಬರುವುದು ಒಳ್ಳೆಯದು.